ಹೆಣದ ಹಾದಿಯಲ್ಲಿ ಒಂದು ಎಂಜಿನ್

ಫೆನ್ನಜ್ಜಿ ಸತ್ತ ಸುದ್ದಿ ಊರಲ್ಲಿ ಎಲ್ಲರಿಗಿಂತ ಮೊದಲು ಲಾಮರ್ಟ್‌ಗೆ ತಿಳಿಯಬೇಕಿತ್ತು. ತಿಳಿಯಿತು. ತೊಂದರೆ ಶುರುವಾದದ್ದೇ ಅಲ್ಲಿಂದ.

ನಮ್ಮ ವೀನ್‌ಹೂಕ್‌ನಲ್ಲಿ ನೆರೆಯವರಿಗೆ ನಂಬರಿದೆ. ಪ್ರತಿ ಮನೆಗೂ ಮೊದಲ ನೆರೆ, ಎರಡನೇ ನೆರೆ, ಹೀಗೆ ಆರನೆಯವರೆಗೆ. ಮದುವೆಯಾದರೆ ಬಾಗಿಲಿಗೆ ಸೊಪ್ಪಿನ ಕಮಾನು ಕಟ್ಟಿ ಕಾಗದದ ಗುಲಾಬಿ ಸಿಕ್ಕಿಸುವವರು, ಸತ್ತರೆ ಹೊರುವವರು ಈ ಆರು ಮನೆಯವರೇ. ಸತ್ತವರು ಬದುಕಿದ್ದಾಗ ಬಾಯಿಬಿಟ್ಟು ಕೇಳಿದ್ದನ್ನು ನಡೆಸಿಕೊಡುವುದು ಮೊದಲ ನೆರೆಯ ಪಾಲು. ಇಬ್ಬರ ನಡುವೆ ಮಾತಿತ್ತೋ ಇಲ್ಲವೋ, ಯಾರೂ ಕೇಳುವುದಿಲ್ಲ. ನೆರೆ ಎಂದರೆ ಹಾಗೆಯೇ. ಒಮ್ಮೆ ಮನೆಯೊಳಗೆ ನುಗ್ಗಿದರೆ ತಾನಾಗಿ ಇಳಿಯುವವರೆಗೆ ಕಾಯಬೇಕು. ಮೊದಲ ನೆರೆ ಕೈಕೊಟ್ಟರೆ ಸತ್ತವರ ಮನೆಯವರು ಪಟ್ಟಣದಿಂದ ಕೂಲಿಗೆ ಹೆಗಲು ತರಿಸಬೇಕಾಗುತ್ತದೆ. ನಮ್ಮಲ್ಲಿ ಹಾಗಾದದ್ದು ಒಂದೇ ಸಲ, ನನ್ನಜ್ಜನ ಕಾಲದಲ್ಲಿ. ಹಾಗೆ ಕೈಕೊಟ್ಟವನ ಮೊಮ್ಮಕ್ಕಳ ಕೈಗೆ ಇವತ್ತಿಗೂ ಬಿಸ್ಕತ್ತಿನ ಡಬ್ಬ ಎಲ್ಲರದ್ದೂ ಆದ ಮೇಲೆ ಬರುತ್ತದೆ. ಅಷ್ಟರಲ್ಲಿ ಡಬ್ಬದಲ್ಲಿ ಬಿಸ್ಕತ್ತಿನ ಇತಿಹಾಸ ಮಾತ್ರ ಉಳಿದಿರುತ್ತದೆ.

ಫೆನ್ನಜ್ಜಿಗೆ ಲಾಮರ್ಟ್ ಮೊದಲ ನೆರೆ. ನಾನು, ರೂಲಿ, ಮೂರನೆಯವಳು. ಕಾಡಿನ ಬಾಯಲ್ಲಿ ಸೈಕಲ್ ಸವಾರರಿಗೆ ಕಾಫಿ ಮಾರುವುದು ನನ್ನ ಕಸುಬು.

ಲಾಮರ್ಟ್ ಕಾಡಿನ ಕಾವಲುಗಾರ. ಹಸಿರು ಟೋಪಿ, ಹಸಿರು ಅಂಗಿ, ಹಸಿರು ಸೈಕಲ್. ನಿಂತರೆ ಗಿಡದ ಹಾಗೆ ಕಾಣುತ್ತಾನೆ, ಮಾತಾಡುವುದೂ ಸರಿಸುಮಾರು ಅಷ್ಟೇ. ಅವನು ಜೀವ ಇಟ್ಟುಕೊಂಡಿರುವುದು ಒಂದು ಹಾದಿಯ ಮೇಲೆ. ಫೆನ್ನಜ್ಜಿಯ ಮನೆಯ ಪಕ್ಕದಿಂದ ಹೊರಟು, ಪೈನ್ ಕಾಡು ಹೊಕ್ಕು, ಹೀದರ್ ಪೊದೆಗಳ ಬಯಲು ದಾಟಿ, ಕಪ್ಪು ಜೌಗನ್ನು ಸೀಳಿಕೊಂಡು ಓಸ್ಟರ್‌ಲೋ ಊರಿನ ಚರ್ಚಿನ ಗೇಟಿಗೆ ಮುಟ್ಟುವ ಜಲ್ಲಿ ಹಾದಿ. ನಕ್ಷೆಯಲ್ಲಿ ಅದಕ್ಕೊಂದು ಸಂಖ್ಯೆ ಇದೆ. ಊರವರ ಬಾಯಲ್ಲಿ ಹೆಣದ ಹಾದಿ. ನಮ್ಮೂರಲ್ಲಿ ಚರ್ಚೂ ಇಲ್ಲ, ಸ್ಮಶಾನವೂ ಇಲ್ಲ, ಅಗೆದಲ್ಲೆಲ್ಲ ನೀರು. ಸತ್ತವರು ಈ ಹಾದಿಯಲ್ಲೇ ಓಸ್ಟರ್‌ಲೋಗೆ ಹೋಗಬೇಕು. ಬೇರೆ ಹಾದಿಯಲ್ಲಿ ಕರೆದೊಯ್ದರೆ ದಾರಿ ತಪ್ಪಿ ಮನೆಗೇ ವಾಪಸ್ ಬರುತ್ತಾರಂತೆ. ಇದನ್ನೆಲ್ಲ ನಂಬುತ್ತೀರಾ ಎಂದು ಕೇಳಿದರೆ ಇಲ್ಲ ಎನ್ನುತ್ತೇವೆ. ಹಾಗಾದರೆ ಬೇರೆ ಹಾದಿಯಲ್ಲಿ ಕರೆದೊಯ್ಯಿರಿ ಎಂದರೂ ಇಲ್ಲ ಎನ್ನುತ್ತೇವೆ.

ಹತ್ತೊಂಬತ್ತು ವರ್ಷದ ಹಿಂದೆ ಲಾಮರ್ಟ್ ಪುರಸಭೆಯ ಮೆಟ್ಟಿಲು ಸವೆಸಿ ಆ ಹಾದಿಗೆ ಎಂಜಿನ್ ನಿಷೇಧ ಮಾಡಿಸಿದ. ಅವತ್ತಿನಿಂದ ಅಲ್ಲಿ ಕಾರಿಲ್ಲ, ಟ್ರ್ಯಾಕ್ಟರಿಲ್ಲ, ಮೋಟಾರ್ ಬೈಕಿಲ್ಲ. ಸೈಕಲ್ಲಿನ ದಪ್ಪ ಟೈರು ಜಲ್ಲಿಯನ್ನು ಹುರಿಗಡಲೆಯ ಹಾಗೆ ಅಗಿಯುವ ಸದ್ದು ಬಿಟ್ಟರೆ ಕೇಳಿಸುವುದು ಗಾಳಿ, ಕೊಕ್ಕರೆ, ಮತ್ತು ಆಮ್‌ಸ್ಟರ್‌ಡ್ಯಾಮಿನವರು ತಮ್ಮ ಟೈರಿನ ಗಾಳಿಯ ಬಗ್ಗೆ ಆಡುವ ಮಾತು. ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಕಾಡಿನ ನೆರಳು, ಬಯಲಿನ ನೇರಳೆ ಹೂವು, ಜೌಗಿನ ಮೇಲೆ ತೇಲುವ ಬಿಳಿ ಮಂಜು ನೋಡಿ ನನ್ನ ಅಂಗಡಿಗೆ ಬಂದು ಕೂತು, ಒಂದು ಹೊತ್ತು ಮಾತೇ ಆಡುವುದಿಲ್ಲ. ಆಮೇಲೆ ಕಾಫಿ ತೆಳ್ಳಗಿದೆ ಎನ್ನುತ್ತಾರೆ.

ಆದರೆ ಆ ನಿಷೇಧಕ್ಕೆ ಒಂದು ಬಾಲವಿದೆ. ಬಾಲ ಅಂಟಿಸಿದವನು ಎಗ್ಬರ್ಟ್, ಪುರಸಭೆಯಲ್ಲಿ ರಸ್ತೆಗಳ ಉಸ್ತುವಾರಿ. ಹಾದಿಯ ನಡುಮಧ್ಯದಲ್ಲಿ ಅವನಿಗೆ ಪ್ರವಾಸಿಗರ ಬಂಗಲೆಗಳು ಬೇಕು, ಪ್ಯಾನ್‌ಕೇಕ್ ಹೋಟೆಲು ಬೇಕು, ಅದಕ್ಕೆಲ್ಲ ಕಾರು ಹೋಗುವ ರಸ್ತೆ ಬೇಕು. ಅವನು ಬರೆಸಿದ ಸಾಲು ನಮಗೆಲ್ಲ ಪ್ರಾರ್ಥನೆಗಿಂತ ಚೆನ್ನಾಗಿ ಬಾಯಿಪಾಠ: ಕಾವಲುಗಾರನು ಕೆಲಸದ ಮೇಲಿರುವಾಗ ತಿಳಿದೂ ತಿಳಿದೂ ಒಂದೇ ಒಂದು ಮೋಟಾರು ವಾಹನವನ್ನು ಹೋಗಗೊಟ್ಟರೆ, ಆ ಹಾದಿಯನ್ನು ವಾಹನ ರಸ್ತೆ ಎಂದೇ ತಿಳಿಯತಕ್ಕದ್ದು.

ಅಲ್ಲಿಂದ ಎಗ್ಬರ್ಟ್ ವಾಹನ ಕಳಿಸುತ್ತಲೇ ಇದ್ದಾನೆ, ಲಾಮರ್ಟ್ ತಡೆಯುತ್ತಲೇ ಇದ್ದಾನೆ. ಬ್ರೆಡ್ಡಿನ ವ್ಯಾನು ಬಂತು, ವಾಪಸ್ ಹೋಯಿತು. ಮದುಮಗಳ ಕಾರು ಬಂತು, ಮದುಮಗಳು ಇಳಿದು ನಡೆದಳು. ಒಂದು ಡಿಸೆಂಬರಿನಲ್ಲಿ ಮಕ್ಕಳಿಗೆ ಉಡುಗೊರೆ ಹಂಚುವ ಸಂತ ನಿಕೋಲಾಸನನ್ನೇ ಕಾರಿನಲ್ಲಿ ಕೂರಿಸಿ ಕಳಿಸಿದರು. ಲಾಮರ್ಟ್ ಅವನನ್ನೂ ಇಳಿಸಿದ. ಓಸ್ಟರ್‌ಲೋದ ಮಕ್ಕಳು ಆ ವರ್ಷ ಸಂತನ ಕಾಲಲ್ಲಿ ಕೆಸರು ನೋಡಿದರು. ಆಂಬುಲೆನ್ಸಿಗೆ ಮಾತ್ರ ಕಾನೂನಿನಲ್ಲೇ ರಿಯಾಯಿತಿ ಇದೆ, ಅದಕ್ಕೆ ಅವಸರ. ಶವದ ಗಾಡಿಗೆ ಅವಸರವಿಲ್ಲ, ಹಾಗಾಗಿ ರಿಯಾಯಿತಿಯೂ ಇಲ್ಲ. ಇಷ್ಟು ವರ್ಷ ನಾವು ಸತ್ತವರನ್ನು ಹೊತ್ತೇ ಹೋಗಿದ್ದೇವೆ.

ಫೆನ್ನಜ್ಜಿಗೆ ಈ ನಿಷೇಧ ಕಂಡರೆ ಆಗುತ್ತಿರಲಿಲ್ಲ. ಕಾರಣ ಅವಳ ತಂಗಿ ಓಸ್ಟರ್‌ಲೋದಲ್ಲಿದ್ದಳು. ಹೆಣದ ಹಾದಿಯಲ್ಲಿ ಹೋದರೆ ಒಲೆಯ ಮೇಲಿಟ್ಟ ಸೂಪು ಉಕ್ಕುವುದರೊಳಗೆ ತಂಗಿಯ ಮನೆ. ರಸ್ತೆಯಲ್ಲಿ ಹೋದರೆ ಇಡೀ ಜೌಗನ್ನು ಸುತ್ತಬೇಕು, ಎರಡು ಬಸ್ಸು ಬದಲಿಸಬೇಕು. ಸೊಂಟ ಮುರಿಯುವವರೆಗೆ ಅಜ್ಜಿ ಸೈಕಲ್ಲಿನಲ್ಲಿ ಹೋಗುತ್ತಿದ್ದಳು. ಸೊಂಟ ಮುರಿದ ಮೇಲೆ ಕಾರು ಬಿಡು ಎಂದು ಕೇಳಿದಳು. ಲಾಮರ್ಟ್ ಬಿಡಲಿಲ್ಲ. ಬದಲಿಗೆ ಮುಂದೆ ಮರದ ಡಬ್ಬ ಇರುವ ಸೈಕಲ್ ತಂದ, ಮಕ್ಕಳನ್ನು ಶಾಲೆಗೆ ಒಯ್ಯುತ್ತಾರಲ್ಲ, ಅಂಥದ್ದು.

"ಕೂತ್ಕೊಳ್ಳಿ ಅಜ್ಜಿ, ನಾನೇ ತುಳಿದು ಬಿಟ್ಟು ಬರ್ತೀನಿ. ಯಾವಾಗ ಕರೆದ್ರೂ ಬರ್ತೀನಿ."

"ನಾನೇನು ಆಲೂಗಡ್ಡೆ ಮೂಟೆನೇನೋ?"

"ಆಲೂಗಡ್ಡೆ ಇಷ್ಟು ಮಾತಾಡಲ್ಲ ಅಜ್ಜಿ."

ಅದು ಲಾಮರ್ಟ್ ಬದುಕಿನಲ್ಲಿ ಮಾಡಿದ ಒಂದೇ ತಮಾಷೆ. ಮಾಡಬಾರದಿತ್ತು. ಆಮೇಲೆ ಅಜ್ಜಿ ಆ ಡಬ್ಬ ಹತ್ತಲೇ ಇಲ್ಲ, ಬಸ್ಸಿನಲ್ಲಿ ತಂಗಿಯ ಮನೆಗೆ ವರ್ಷಕ್ಕೆರಡು ಸಲ ಹೋಗಿಬಂದರೆ ಹೆಚ್ಚು. ಹೋದ ಚಳಿಗಾಲದಲ್ಲಿ ತಂಗಿ ಸತ್ತಳು. ಆಗ ಅಜ್ಜಿಗೆ ಜ್ವರ, ಹೋಗಲೇ ಇಲ್ಲ.

ಅದಾದ ಮೇಲೆ ಬಂದದ್ದು ಅಜ್ಜಿಯ ಹುಟ್ಟುಹಬ್ಬ. ಎಂದಿನಂತೆ ಕುರ್ಚಿಗಳನ್ನು ದುಂಡಗೆ ಹಾಕಿ ಕೂತಿದ್ದೆವು. ಬಂದವರೆಲ್ಲ ಅಜ್ಜಿಯ ಕೈಕುಲುಕಿ, ಮಗಳು ಹಿಲ್ಲಿಯ ಕೈಕುಲುಕಿ, ನಮ್ಮೆಲ್ಲರ ಕೈಯನ್ನೂ ಒಂದೊಂದಾಗಿ ಕುಲುಕಿ ಅಭಿನಂದನೆ ಹೇಳುವುದರೊಳಗೆ ಕಾಫಿ ಆರಿತ್ತು. ಅಜ್ಜಿ ಚಮಚದಿಂದ ಬಟ್ಟಲು ಬಡಿದಳು.

"ಎಲ್ರೂ ಕೇಳಿ. ನಾನು ಸತ್ರೆ ಹೆಣದ ಹಾದಿಲೇ ಹೋಗ್ತೀನಿ. ಕಾರಲ್ಲಿ. ಎಂಜಿನ್ ಆನ್ ಮಾಡ್ಕೊಂಡು. ಕೇಳಿಸ್ತೇನೋ, ಲಾಮರ್ಟ್?"

"ಕೇಳಿಸ್ತು ಅಜ್ಜಿ."

"ಹಾಂ. ಕೇಕ್ ತಿನ್ನು."

ಎಗ್ಬರ್ಟ್ ಅಜ್ಜಿಗೆ ಐದನೇ ನೆರೆ. ಅವತ್ತು ಅವನೂ ಆ ದುಂಡಿನಲ್ಲಿದ್ದ. ಅವನು ಎರಡನೇ ತುಂಡು ಕೇಕ್ ಕೇಳಿ ಹಾಕಿಸಿಕೊಂಡ. ನಮ್ಮಲ್ಲಿ ಹಾಗೆ ಯಾರೂ ಕೇಳುವುದಿಲ್ಲ. ಅಷ್ಟು ಖುಷಿಯಾಗಿತ್ತು ಅವನಿಗೆ.

ಸೆಪ್ಟೆಂಬರಿನಲ್ಲಿ, ಬಯಲೆಲ್ಲ ಹೂ ಬಿಟ್ಟಿದ್ದಾಗ, ಅಜ್ಜಿ ನಿದ್ದೆಯಲ್ಲೇ ಹೋದಳು. ಲಾಮರ್ಟ್ ಪದ್ಧತಿಯಂತೆ ಮನೆಮನೆಗೂ ಹೋಗಿ, ಟೋಪಿ ತೆಗೆದು, ಸುದ್ದಿ ಹೇಳಿದ. ಸಂಜೆ ಆರೂ ನೆರೆಯವರು ಹಿಲ್ಲಿಯ ಅಡುಗೆಮನೆಯಲ್ಲಿ ಸೇರಿದೆವು.

"ಬಹಳ ದೊಡ್ಡ ಜೀವ," ಅಂದ ಎಗ್ಬರ್ಟ್. ಅವನ ಮುಖ ದುಃಖದಲ್ಲಿತ್ತು, ಕಾಲು ಮೇಜಿನಡಿ ತಾಳ ಹಾಕುತ್ತಿತ್ತು. "ಅಂಥವ್ರ ಕೊನೇ ಮಾತು. ಅಲ್ವೇನಯ್ಯಾ ಲಾಮರ್ಟ್?"

"ನಡೆಸ್ತೀನಿ," ಅಂದ ಲಾಮರ್ಟ್.

"ಕಾರು?"

"ಕಾರು."

"ಎಂಜಿನ್?"

"ಅವ್ರು ಹೇಳಿದ್ದು ನಂಗೂ ಕೇಳಿಸಿದೆ ಎಗ್ಬರ್ಟ್."

ಆರನೇ ನೆರೆ ಬಾಸ್ಟಿಯಾನ್ ಬಟ್ಟಲು ಕೆಳಗಿಟ್ಟ. ಆಮ್‌ಸ್ಟರ್‌ಡ್ಯಾಮಿನಿಂದ ಬಂದು ಏಳು ವರ್ಷವಾಗಿದೆ, ಆದ್ದರಿಂದ ಹೊಸಬ. ಈ ಹಾದಿಯಲ್ಲಿ ಸೈಕಲ್ ತುಳಿಯಬೇಕೆಂದೇ ಅಲ್ಲಿನ ಮನೆ ಮಾರಿ ಇಲ್ಲಿಗೆ ಬಂದವನು. "ಲಾಮರ್ಟ್, ಒಂದ್ಸಲ ಬಿಟ್ರೆ ಮುಗೀತು. ಹಾದಿ ಹೋಯ್ತು. ಮುಂದಿನ ವರ್ಷ ಅಲ್ಲಿ ಕಾರಿನ ಸಾಲು, ಪ್ಯಾನ್‌ಕೇಕ್ ವಾಸ್ನೆ. ನಾವು ಜಲ್ಲಿ ಮೇಲೆ ಓಡೋ ಈ ಸೈಕಲ್ ತಗೊಂಡು ಏನ್ ಮಾಡೋದು? ಗೋಡೆಗೆ ನೇತು ಹಾಕೋದಾ?"

"ಕಾವಲುಗಾರ ಕೆಲ್ಸದ ಮೇಲಿದ್ದಾಗ ಬಿಟ್ರೆ ತಾನೆ?" ಅಂದ ಲಾಮರ್ಟ್. "ನಾನು ರಜೆ ಹಾಕ್ತೀನಿ. ರಜೇಲಿರೋನು ಕಾವಲುಗಾರ ಅಲ್ಲ. ಅವ್ನ ಕಣ್ಣೆದ್ರು ಕಾರು ಹೋದ್ರೆ ಅದು ಬರೀ ಅಪರಾಧ. ಅಪರಾಧದಿಂದ ಹಾದಿ ರಸ್ತೆ ಆಗಲ್ಲ."

ಅವನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಅವತ್ತೇ ಕೇಳಿದ್ದು. ಎಗ್ಬರ್ಟನ ಕಾಲು ತಾಳ ನಿಲ್ಲಿಸಿತು.

"ಎಷ್ಟು ರಜೆ ಇದೆ?" ಎಂದು ಕೇಳಿದ, ಮೆಲ್ಲಗೆ.

ಅಲ್ಲೇ ಇತ್ತು ಮುಳ್ಳು. ಲಾಮರ್ಟ್‌ನ ವರ್ಷದ ರಜೆಯೆಲ್ಲ ಕೊಕ್ಕರೆ ಎಣಿಸುವುದರಲ್ಲಿ ಖರ್ಚಾಗಿತ್ತು. ಅವನು ರಜೆ ಹಾಕಿ ಮಾಡುವುದೂ ಅದನ್ನೇ, ರಜೆ ಹಾಕದೆ ಮಾಡುವುದೂ ಅದನ್ನೇ. ರಜೆ ಹಾಕಿದಾಗ ಟೋಪಿ ಇರುವುದಿಲ್ಲ, ಅಷ್ಟೆ. ಉಳಿದದ್ದು ಸಾವಿನ ರಜೆ. ಅದು ಸಂಬಂಧಿಕರಿಗಾದರೆ ಪೂರ್ತಿ ದಿನ, ನೆರೆಯವರಿಗಾದರೆ ಮಧ್ಯಾಹ್ನ ಹನ್ನೆರಡರವರೆಗೆ. ಪಟ್ಟಣದಲ್ಲಿ ಕೂತು ನಿಯಮ ಬರೆದವರಿಗೆ ಪಕ್ಕದ ಮನೆಯವರು ಯಾರೆಂದೇ ಗೊತ್ತಿರಲಿಕ್ಕಿಲ್ಲ.

"ಹನ್ನೆರಡಕ್ಕೆ ಮುಂಚೆ ಆ ತುದಿ ಮುಟ್ಬೇಕು," ಅಂದ ಲಾಮರ್ಟ್.

"ಮುಟ್ಟೋಣ ಮುಟ್ಟೋಣ," ಅಂದ ಎಗ್ಬರ್ಟ್. "ಸಾವಿನ ಮನೇಲಿ ಆತುರ ಒಳ್ಳೇದಲ್ಲಪ್ಪ."

ಹೂಳುವ ದಿನ ಬೆಳಿಗ್ಗೆ ಶವದ ಗಾಡಿ ಬಂತು. ಉದ್ದನೆಯ ಕಪ್ಪು ಕಾರು, ಅದಕ್ಕೆ ತಕ್ಕ ಉದ್ದನೆಯ ಕಪ್ಪು ಕೋಟಿನ ಡ್ರೈವರ್. ಅಜ್ಜಿಯನ್ನು ಒಳಗಿಟ್ಟು ಆದ ಮೇಲೆ ಅವನು ಹಾದಿಯ ಬಾಯಲ್ಲಿದ್ದ ಫಲಕ ಓದಿದ. ಆಮೇಲೆ ಕೈಗವಸು ಬಿಚ್ಚಿದ.

"ಕ್ಷಮಿಸಿ. ದಂಡ ಬಿದ್ರೆ ನನ್ನ ಲೈಸೆನ್ಸಿಗೆ ಬೀಳತ್ತೆ. ನಾನು ಓಡ್ಸಲ್ಲ."

"ಕೀಲಿ ಕೊಡಿ," ಅಂದ ಲಾಮರ್ಟ್. "ನಾನು ಓಡಿಸ್ತೀನಿ."

ಲಾಮರ್ಟ್ ಇಪ್ಪತ್ತನೇ ವಯಸ್ಸಿನಲ್ಲಿ ಕಾರು ಓಡಿಸುವ ಪರೀಕ್ಷೆ ಪಾಸು ಮಾಡಿದ್ದ. ಕಾರು ಮುಟ್ಟಿದ್ದು ಅದೇ ಕೊನೆ. ತನ್ನ ಹಸಿರು ಸೈಕಲ್ಲನ್ನು ಡ್ರೈವರ್‌ಗೆ ಕೊಟ್ಟ. ಡ್ರೈವರ್ ಎತ್ತರದ ಟೋಪಿ ಹಾಕಿಕೊಂಡೇ ಸೀಟು ಹತ್ತಿ, ಸೀಟು ತಗ್ಗಿಸಿಕೊಡಿ ಎಂದ.

ಇನ್ನು ಹಾದಿಗೆ ಅಡ್ಡ ಇದ್ದ ಕಂಬ. ಓಕ್ ಮರದ್ದು, ಲಾಮರ್ಟ್ ತಾನೇ ನೆಟ್ಟದ್ದು. ಬುಡದಲ್ಲಿ ಬೀಗವಿದೆ, ತೆಗೆದರೆ ಕಂಬ ಮಲಗುತ್ತದೆ. ಬೀಗದ ಕೈ ಅವನ ಜೇಬಿನಲ್ಲೇ ಇತ್ತು. ಅವನು ಜೇಬು ಮುಟ್ಟಲಿಲ್ಲ. ಮನೆಯಿಂದ ಕೈಗರಗಸ ತಂದ, ಮಂಡಿಯೂರಿ ಕೂತು ಕೊಯ್ಯತೊಡಗಿದ.

"ಅಯ್ಯೋ, ಬೀಗ ತೆಗಿಯೋ!" ಅಂದಳು ಹಿಲ್ಲಿ.

"ಬೀಗದ ಕೈ ಕಚೇರಿದು ಹಿಲ್ಲಿ. ಅದ್ರಲ್ಲಿ ತೆಗೆದ್ರೆ ಅನುಮತಿ ಕೊಟ್ಟ ಹಾಗೆ. ಕೊಯ್ದ್ರೆ ಅಪರಾಧ. ನಂಗೆ ಅಪರಾಧನೇ ಬೇಕು."

ಬಾಸ್ಟಿಯಾನ್ ಓಡಿಹೋಗಿ ಬ್ಯಾಟರಿ ಗರಗಸ ತಂದ. "ತಗೋ, ಅರ್ಧ ನಿಮಿಷ."

"ಅದ್ರಲ್ಲಿ ಮೋಟಾರಿದೆ. ಒಳಗೆ ಮೋಟಾರಿಗೆ ಪ್ರವೇಶ ಇಲ್ಲ."

"ಈಗ ತಾನೇ ಕಾರು ಒಯ್ತೀನಿ ಅಂದೆ!"

"ಅದನ್ನ ಅಜ್ಜಿ ಕೇಳಿದ್ರು. ಗರಗಸ ಕೇಳಿರ್ಲಿಲ್ಲ."

ಓಕ್ ಮರ ಗಟ್ಟಿ, ಲಾಮರ್ಟ್ ಅದಕ್ಕಿಂತ ಗಟ್ಟಿ. ಅವನು ಕೊಯ್ಯುತ್ತಿದ್ದಷ್ಟು ಹೊತ್ತು ಎಗ್ಬರ್ಟ್ ಅವನಿಗೆ ಉಪಚಾರ ಮಾಡಿದ. "ಸುಸ್ತಾಗಿದ್ದೀಯ, ಕಾಫಿ ಕುಡಿ." "ಕೈ ಬೊಬ್ಬೆ ಬಂದಿರತ್ತೆ, ತೋರ್ಸು." "ರೂಲಿ, ಅವ್ನಿಗೊಂದು ತುಂಡು ಒಣದ್ರಾಕ್ಷಿ ಬ್ರೆಡ್ ಕೊಡಮ್ಮಾ, ಬೆಣ್ಣೆ ದಪ್ಪಗೆ ಹಚ್ಚು." ಹನ್ನೆರಡು ಹೊಡೆಯುವವರೆಗೆ ಲಾಮರ್ಟ್‌ನ ಬಾಯಲ್ಲಿ ಬ್ರೆಡ್ ತುಂಬಿರಲಿ ಎಂದು ಅವನ ಹಾರೈಕೆ. ನಾನು ಬೆಣ್ಣೆ ಹಚ್ಚಲೇ ಇಲ್ಲ, ಡಬ್ಬ ಹುಡುಕುತ್ತಿದ್ದೇನೆಂದು ಹೇಳಿ ನಿಂತೆ. ಅಷ್ಟಾದರೂ ಕಂಬ ಬೀಳುವ ಹೊತ್ತಿಗೆ ಬಿಸಿಲು ನೆತ್ತಿಯ ಹತ್ತಿರ ಬಂದಿತ್ತು.

ಹೊರಟೆವು. ಹೊರಟೆವು ಎಂದರೆ, ಗಾಡಿ ಮೊದಲು ಹಾರಿತು, ನಿಂತಿತು, ಮತ್ತೆ ಹಾರಿತು. ಮೂರನೇ ಸಲ ಹಾರಿದಾಗ ಒಳಗೆ ಏನೋ ಜರುಗಿದ ಸದ್ದಾಯಿತು.

"ಅಮ್ಮ ಇಷ್ಟು ಹೊತ್ತಿಗೆ ಬಯ್ಯೋಕೆ ಶುರು ಮಾಡಿರ್ತಿದ್ಲು," ಅಂದಳು ಹಿಲ್ಲಿ. ಎರಡು ದಿನದಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಮುಂದೆ ಗಾಡಿ, ಹಿಂದೆ ಊರಿಗೆ ಊರೇ ಸೈಕಲ್ ಮೇಲೆ. ಬಾಸ್ಟಿಯಾನ್ ಮತ್ತು ಅವನ ಜಲ್ಲಿ ಸೈಕಲ್ ಸಂಘದವರು ಮೈಗಂಟಿದ ಕಪ್ಪು ಬಟ್ಟೆಯಲ್ಲಿ ಬಂದಿದ್ದರು. ಶೋಕಕ್ಕೂ ಅದೇ, ಕ್ರೀಡೆಗೂ ಅದೇ. ಒಗೆಯುವ ಖರ್ಚು ಉಳಿತಾಯ. ಎಗ್ಬರ್ಟ್ ಬ್ಯಾಟರಿ ಸೈಕಲ್ ತಂದಿದ್ದ. ಲಾಮರ್ಟ್ ಕಿಟಕಿಯಿಂದ ಕತ್ತು ಹೊರಹಾಕಿ, "ಬ್ಯಾಟರಿ ಆರ್ಸು," ಎಂದ.

"ನೀನು ರಜೇಲಿದ್ದೀಯ!"

"ಸತ್ತೋರ ಮುಂದೆ ಸದ್ದು ಮಾಡ್ಬೇಡ ಅಂತ ನೆರೆಯೋನಾಗಿ ಹೇಳ್ತಿದ್ದೀನಿ."

ಎಗ್ಬರ್ಟ್ ಆರಿಸಿದ. ಬ್ಯಾಟರಿ ಆರಿಸಿದ ಬ್ಯಾಟರಿ ಸೈಕಲ್ ತುಳಿಯುವುದು ಎಮ್ಮೆಯನ್ನು ಮೆಟ್ಟಿಲು ಹತ್ತಿಸಿದ ಹಾಗೆ. ಅವನ ಉಸಿರಿನ ಸದ್ದು ಎಂಜಿನ್ನಿಗಿಂತ ಹೆಚ್ಚಾಯಿತು.

ಕಾಡಿನೊಳಗೆ ನೆಲ ಪೈನ್ ಎಲೆಗಳಿಂದ ಮೆತ್ತಗಿತ್ತು. ಲಾಮರ್ಟ್ ವೇಗ ಹೆಚ್ಚಿಸಬಹುದಿತ್ತು, ಹೆಚ್ಚಿಸುವಂತಿರಲಿಲ್ಲ. ಹೆಣದ ಗಾಡಿ ಹಿಂದಿನವರನ್ನು ಬಿಟ್ಟು ಓಡಿದರೆ ಸತ್ತವರಿಗೆ ಅವಮಾನ. ಹಿಂದಿನವರಿಗೋ ಅಷ್ಟು ನಿಧಾನ ತುಳಿದು ಅಭ್ಯಾಸವಿಲ್ಲ. ಜಲ್ಲಿಯ ಮೇಲೆ ಸೈಕಲ್ಲನ್ನು ಜೋರಾಗಿ ಬಿಡುವುದು ಯಾರಿಗಾದರೂ ಬರುತ್ತದೆ. ಹೆಣದ ವೇಗದಲ್ಲಿ ಬಿಡಲು ಸಾಧನೆ ಬೇಕು. ಕಾಡು ಮುಗಿದು ಹೀದರ್ ಬಯಲು ತೆರೆದುಕೊಂಡಿತು. ಕಣ್ಣು ಹೋದಷ್ಟು ದೂರ ನೇರಳೆ, ನಡುನಡುವೆ ಒಂಟಿ ಜುನಿಪರ್ ಮರ, ಹೂವಿನ ಮೇಲೆ ಜೇನಿನ ಗುಂಯ್. ಅಲ್ಲೇ ಬಾಸ್ಟಿಯಾನ್ ಸೈಕಲ್ ಸಮೇತ ಮೆಲ್ಲಗೆ ವಾಲತೊಡಗಿದ. ಅವನ ಬೂಟು ಪೆಡಲಿಗೆ ಕಚ್ಚಿಕೊಂಡಿರುತ್ತದೆ, ಅದು ದುಬಾರಿ ಸೈಕಲ್ಲುಗಳ ಲಕ್ಷಣ.

"ಹೂವಿನ ಮೇಲೆ ಬೀಳ್ಬೇಡ!" ಎಂದು ಕಿಟಕಿಯಿಂದ ಕೂಗು ಬಂತು.

ಬಾಸ್ಟಿಯಾನ್ ಬೀಳುತ್ತ ಬೀಳುತ್ತಲೇ ದಿಕ್ಕು ಬದಲಿಸಿ ಜಲ್ಲಿಯ ಮೇಲೆ ಬಿದ್ದ. ಮಂಡಿ ಕಿತ್ತುಹೋಯಿತು. ಅವತ್ತಿಗೆ ಅವನು ಹೊಸಬನಲ್ಲ ಎಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿದೆ.

ಬಯಲು ಮುಗಿದು ಜೌಗು ಶುರುವಾಗುವಲ್ಲಿ ಕುರಿಗಳು ಅಡ್ಡ ಬಂದವು. ಹೀದರ್ ಮೇಯಲೆಂದೇ ಸಾಕಿದ ಕೊಂಬಿನ ಕುರಿಗಳು, ಇಡೀ ಮಂದೆ. ಹಾದಿಯಲ್ಲಿ ಕುರಿಗೇ ಮೊದಲ ಹಕ್ಕು. ಆ ನಿಯಮ ಬರೆಸಿದವನೂ ಲಾಮರ್ಟ್. ಅವನು ಎಂಜಿನ್ ಆರಿಸದೆ, ಹಾರ್ನ್ ಮಾಡದೆ, ಸ್ಟಿಯರಿಂಗ್ ಹಿಡಿದು ಕೂತ. ಕುರಿಗಳು ಗಾಡಿಯ ಗಾಜಿಗೆ ಮೂಗು ಒತ್ತಿ ಅಜ್ಜಿಯ ಪೆಟ್ಟಿಗೆ ನೋಡಿ, ಮೇಲಿದ್ದ ಹೂವಿನ ಬಗ್ಗೆ ಯೋಚಿಸಿ, ಒಂದೊಂದಾಗಿ ದಾಟಿದವು. ಎಗ್ಬರ್ಟ್ ಬೆವರು ಒರೆಸಿಕೊಂಡು, ಬಾಲ ಮರೆಯಾಗುವವರೆಗೂ ಕುರಿಗಳನ್ನು ಪ್ರೀತಿಯಿಂದ ನೋಡಿದ.

ಕೊನೆಯ ಕುರಿ ದಾಟಿತು. ಗಾಡಿ ಜೌಗಿನ ಮೇಲಿನ ಹಾದಿಗೆ ಏರಿತು. ಅಡಿಯಲ್ಲಿ ಎಷ್ಟೋ ಆಳದವರೆಗೆ ಕೊಳೆತ ಪಾಚಿ, ಮೇಲೆ ಒಂದು ಪದರ ಜಲ್ಲಿ. ಗಾಡಿಯ ಭಾರಕ್ಕೆ ನೆಲ ಹೆಪ್ಪು ಮೊಸರಿನ ಹಾಗೆ ನಡುಗಿತು. ಎರಡೂ ಕಡೆ ಕಪ್ಪು ನೀರಿನಲ್ಲಿ ಆಕಾಶ. ಆಗ ಆ ತುದಿಯಲ್ಲಿ, ಓಸ್ಟರ್‌ಲೋದ ಗೋಪುರದಲ್ಲಿ, ಗಂಟೆ ಹೊಡೆಯತೊಡಗಿತು.

ಎಗ್ಬರ್ಟ್ ಸೈಕಲ್ ಬಿಟ್ಟು ಓಡಿಬಂದು ಕಿಟಕಿ ಹಿಡಿದ. "ಹನ್ನೆರಡು! ರಜೆ ಮುಗೀತು! ಈಗ ನೀನು ಕಾವಲುಗಾರ, ಕಾವಲುಗಾರನೇ ಕಾರಲ್ಲಿ ಕೂತು ಓಡಿಸ್ತಿದ್ದೀಯ! ಇದಕ್ಕಿಂತ ಅನುಮತಿ ಬೇಕೇನಯ್ಯಾ? ಎಲ್ರೂ ನೋಡಿದ್ದೀರಿ ತಾನೆ?"

ಅವನ ಮಾತು ಮುಗಿಯುವುದರೊಳಗೆ ಎಂಜಿನ್ ನಿಂತಿತ್ತು. ಲಾಮರ್ಟ್ ಇಳಿದ. ಕೋಟಿನೊಳಗಿಂದ ಹಸಿರು ಟೋಪಿ ತೆಗೆದು, ಕೊಡವಿ, ತಲೆಗಿಟ್ಟುಕೊಂಡ. ಖಾಲಿ ಡ್ರೈವರ್ ಸೀಟಿನ ಕಡೆ ತಿರುಗಿದ.

"ಈ ಹಾದೀಲಿ ಮೋಟಾರು ವಾಹನ ಓಡಿಸೋ ಹಾಗಿಲ್ಲ," ಎಂದು ಸೀಟಿಗೆ ಹೇಳಿದ. "ನಿಮಗೆ ದಂಡ ಹಾಕ್ತಿದ್ದೀನಿ. ಸರ್ಕಾರಿ ಕಂಬ ಕೊಯ್ದಿದ್ದಕ್ಕೆ ಬೇರೆ. ನೀವು ಉತ್ತರ ಕೊಡ್ಲೇಬೇಕು ಅಂತ ಇಲ್ಲ. ಹೇಳೋದೇನಾದ್ರೂ ಇದ್ಯಾ?"

ಯಾರೂ ನಗಲಿಲ್ಲ. ಲಾಮರ್ಟ್ ತಮಾಷೆ ಮಾಡುವವನಲ್ಲ ಎಂದು ಎಲ್ಲರಿಗೂ ಗೊತ್ತು. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಇದೆ," ಅಂದ. "ಅಜ್ಜಿ ತಂಗೀನ ನೋಡೋಕೆ ಹೋಗ್ಬೇಕು ಅಂದಿದ್ರು. ನಾನು ಬಿಡ್ಲಿಲ್ಲ. ಇವತ್ತು ಬಿಟ್ಟೆ. ತಡ ಆಯ್ತು."

ಮತ್ತೆ ಟೋಪಿ ಇಟ್ಟುಕೊಂಡ. "ಸರಿ."

ಜೌಗಿನ ಮೇಲೆ ಒಂದು ಕೊಕ್ಕರೆ ಕೂಗಿತು. ಹಿಲ್ಲಿ ಮೂಗು ಒರೆಸಿಕೊಂಡಳು. ಎಗ್ಬರ್ಟ್ ಹಿಡಿದ ಕಿಟಕಿ ಬಿಟ್ಟ. ಗಂಟೆ ಮುಗಿಯುವುದರೊಳಗೆ ಕಾವಲುಗಾರ ಗಾಡಿ ಹಿಡಿದಾಗಿತ್ತು, ಹೋಗಗೊಟ್ಟಿರಲಿಲ್ಲ. ಆದರೆ ಇಪ್ಪತ್ತು ವರ್ಷ ಪುರಸಭೆಯಲ್ಲಿ ಕೂತವನಿಗೆ ನಿಯಮದ ಮುಂದಿನ ಸಾಲು ನೆನಪಾಗಲು ಎಷ್ಟು ಹೊತ್ತು?

"ಹಿಡಿದ ವಾಹನವನ್ನು," ಎಂದು ಅವನು ನಿಧಾನವಾಗಿ ಶುರು ಮಾಡಿದ, "ಎಂಜಿನ್ ಆರಿಸಿ, ಅತಿ ಹತ್ತಿರದ ತುದಿಯಿಂದ ಹೊರಹಾಕತಕ್ಕದ್ದು. ನೀನೇ ಬರೆಸಿದ್ದು ಲಾಮರ್ಟ್. ಬೇರೆ ಕಡೆ ಬಿ‌ಟ್ರೆ ಅದು ಅನುಮತಿ."

ನಾವೆಲ್ಲ ಹಿಂದೆ ತಿರುಗಿ ನೋಡಿದೆವು. ಬಯಲು, ಅದರಾಚೆ ಕಾಡು, ಕಾಡಿನ ಮೇಲೆ ನಮ್ಮ ಊರಿನ ಮನೆಗಳ ಹೊಗೆ. ಆಮೇಲೆ ಮುಂದೆ ನೋಡಿದೆವು. ಜೌಗು, ಮತ್ತೂ ಜೌಗು, ಬೆರಳ ತುದಿಯಷ್ಟು ಗೋಪುರ. ಕಣ್ಣಿದ್ದ ಯಾರಿಗೂ ಅನುಮಾನ ಬರುವಂತಿರಲಿಲ್ಲ. ಹಿಂದಿನದೇ ಹತ್ತಿರ.

"ಹಿಂದಕ್ಕಾ?" ಹಿಲ್ಲಿ ಗಾಡಿಯ ಹಿಂದೆ ಅಡ್ಡ ನಿಂತಳು. "ಹೆಣದ ಹಾದೀಲಿ ಅಮ್ಮನ್ನ ಹಿಂದಕ್ಕೆ ತಿರುಗಿಸ್ತೀರಾ? ಇಷ್ಟು ವರ್ಷದಲ್ಲಿ ಯಾರನ್ನಾದ್ರೂ ತಿರುಗಿಸಿದ್ದುಂಟಾ?"

ಯಾರನ್ನೂ ತಿರುಗಿಸಿದ್ದಿಲ್ಲ. ಪ್ಲೇಗು ಬಂದಾಗಲೂ ಇಲ್ಲ, ಯುದ್ಧದಲ್ಲೂ ಇಲ್ಲ. ನಾವು ನಂಬುವುದಿಲ್ಲ. ಆದರೂ ತಿರುಗಿಸುವುದಿಲ್ಲ.

ಲಾಮರ್ಟ್ ಅಲ್ಲಾಡಲಿಲ್ಲ. ಟೋಪಿಯ ಅಂಚಿನಡಿ ಬೆವರು ಇಳಿಯುತ್ತಿತ್ತು. ಕಾವಲುಗಾರನಾಗಿ ಹಿಂದಕ್ಕೆ ಎನ್ನಬೇಕು, ನೆರೆಯವನಾಗಿ ಮುಂದಕ್ಕೆ ಎನ್ನಬೇಕು. ಬಾಯಿ ಮಾತ್ರ ಒಂದೇ ಇತ್ತು. ಅವನು ಮೊದಲು ಹಿಂದೆ ನೋಡಿದ. ಮುಂದೆ ನೋಡಿದ. ಮುಂದಿನದನ್ನು ತುಂಬ ಹೊತ್ತು ನೋಡಿದ.

"ಮುಂದಿನ ತುದಿ ಹತ್ರ," ಅಂದ.

ಅವನ ಜೀವಮಾನದಲ್ಲಿ ಅವನು ಹೇಳಿದ ಮೊದಲ ಸುಳ್ಳು ಅದು ಎಂದು ಕಾಣುತ್ತದೆ. ಹೇಳಿ ಅಭ್ಯಾಸವಿರದ್ದರಿಂದ ಕಿವಿಯವರೆಗೆ ಕೆಂಪಾದ.

ಎಲ್ಲರೂ ಎಗ್ಬರ್ಟನನ್ನು ನೋಡಿದೆವು. ಅವನು ಒಂದು ಮಾತು ಹೇಳಿದರೆ ಸಾಕಿತ್ತು. ನಕ್ಷೆ ಅವನ ಕಚೇರಿಯಲ್ಲಿದೆ. ಬಂಗಲೆ, ಹೋಟೆಲು, ಪ್ಯಾನ್‌ಕೇಕು, ಎಲ್ಲ ಅಲ್ಲೇ, ನಾಲಿಗೆಯ ತುದಿಯಲ್ಲಿ ಇತ್ತು. ಅವನು ತುಟಿ ನೆಕ್ಕಿಕೊಂಡ. ಗಾಜಿನಾಚೆ ಅಜ್ಜಿಯ ಪೆಟ್ಟಿಗೆ ನೋಡಿದ. ಹಿಲ್ಲಿಯನ್ನು ನೋಡಿದ. ಆಮೇಲೆ ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡಿದ, ತನ್ನನ್ನು ಮುಂದೊಂದು ದಿನ ಹೊರಬೇಕಾದ ಹೆಗಲುಗಳನ್ನು ನೋಡುವ ಹಾಗೆ.

"ಈ ಹಾದಿನ ನನ್ನಷ್ಟು ಸಲ ಅಳೆದೋರು ಯಾರಿದ್ದಾರೆ?" ಎಂದ ಕೊನೆಗೆ, ಯಾರೋ ಅವನನ್ನು ಬಯ್ದರೇನೋ ಎಂಬ ದನಿಯಲ್ಲಿ. "ರಸ್ತೆ ಮಾಡೋಕೆ ಅಂತ ಇಂಚಿಂಚೂ ಅಳೆದಿದ್ದೀನಿ. ಮುಂದಿನ ತುದಿನೇ ಹತ್ರ. ಯಾರಿಗಾದ್ರೂ ಅನುಮಾನ ಇದ್ರೆ ಪುರಸಭೆಗೆ ಬನ್ನಿ."

ಯಾರಿಗೂ ಅನುಮಾನವಿರಲಿಲ್ಲ.

ಹಿಲ್ಲಿ ಸ್ಟಿಯರಿಂಗ್ ಹಿಡಿಯಲು ಒಳಗೆ ಕೂತಳು. ಸೈಕಲ್‌ಗಳನ್ನು ಜಲ್ಲಿಯ ಮೇಲೆಯೇ, ಹೂವಿಗೆ ತಾಗದಂತೆ, ಸಾಲಾಗಿ ಮಲಗಿಸಿದೆವು. ನಾನು, ಬಾಸ್ಟಿಯಾನ್, ಕಪ್ಪು ಬಿಗಿ ಬಟ್ಟೆಯ ಅವನ ಸಂಘದವರು, ಎತ್ತರದ ಟೋಪಿಯ ಡ್ರೈವರ್, ಎಲ್ಲ ಗಾಡಿಯ ಹಿಂದೆ ಸೇರಿದೆವು. ಎಗ್ಬರ್ಟ್ ಹೊಳೆಯುವ ಬೂಟನ್ನು ಒಮ್ಮೆ ನೋಡಿಕೊಂಡು ನನ್ನ ಪಕ್ಕ ಭುಜ ಕೊಟ್ಟ.

"ಮಾಡ್ಬೇಕಾದ್ದು ಮಾಡ್ದೆ, ಎಗ್ಬರ್ಟ್," ಎಂದೆ.

"ಸುಮ್ನಿರಮ್ಮಾ. ಇದ್ರಿಂದ ಬಂಗಲೆ ಪ್ಲಾನು ಬಿಟ್ಟೆ ಅಂದ್ಕೋಬೇಡ. ಸೋಮವಾರ ಮತ್ತೆ ಶುರು."

"ಸೋಮವಾರ ತಾನೆ? ಇವತ್ತು ಗುರುವಾರ. ತಳ್ಳು."

ಲಾಮರ್ಟ್ ಗಾಡಿಯ ಮುಂದೆ ಹೋಗಿ ನಿಂತ. ಮೊದಲ ನೆರೆ ಹೆಣದ ಮುಂದೆ ನಡೆಯಬೇಕು. ಕಾವಲುಗಾರನೂ ಹಿಡಿದ ಗಾಡಿಯ ಮುಂದೆ ನಡೆದು ಅದನ್ನು ಹೊರಹಾಕಬೇಕು. ಅವನು ಒಮ್ಮೆ ಹಿಂದಿರುಗಿ ನೋಡಿ, ತಲೆಯಾಡಿಸಿ, ನಡೆದ.

ತಳ್ಳಿದೆವು. ಜಲ್ಲಿ ಕರಕರ ಎಂದಿತು. ನೆಲ ನಡುಗಿತು. ಮಧ್ಯದಲ್ಲಿ ಎಗ್ಬರ್ಟ್ ಒಂದೇ ಸಲ ತಲೆಯೆತ್ತಿ, "ಇನ್ನೂ ಎಷ್ಟು ದೂರ?" ಎಂದು ಕೇಳಿದ.

"ನಿಂಗೇ ಗೊತ್ತಲ್ಲ," ಅಂದ ಬಾಸ್ಟಿಯಾನ್, ರಕ್ತ ಸೋರುವ ಮಂಡಿಯಲ್ಲಿ ತಳ್ಳುತ್ತ. "ಇದೇ ಹತ್ರದ ದಾರಿ."